ಹಳೇ ರೊಪ್ಪದ ಹುಲ್ಲು

ನಮ್ಮ ದೊಡ್ಡಮ್ಮನಿಗೆ ಮುಂದಿನ ಮೇಲುಹಲ್ಲು ಎರಡು ಇರಲಿಲ್ಲ. ಅವಳು ಬಗ್ಗಿ ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಾಗ ಒಂದು ಟಗರು ಎದುರಿನಿಂದ ಬಂದು ಗುದ್ದಿತ್ತು. ಬಾಯಿ ತುಂಬಿದ ರಕ್ತ ಉಗುಳಿ, ಸೆರಗನ್ನು ಹಲ್ಲುಸಂದಿಗೆ ಒತ್ತಿಕೊಂಡು, ಆವತ್ತು ಹೊತ್ತು ಮುಳುಗುವವರೆಗೂ ಕುರಿ ಮೇಯಿಸಿದಳು. ಮರುದಿನ ಆ ಟಗರನ್ನು ಕಡಿಸಿದಳು. ಅದರ ಈಲಿಯನ್ನು, ಅಂದರೆ ಲಿವರನ್ನು, ಕೆಂಡದಲ್ಲಿ ಸುಟ್ಟು, ಊದಿಕೊಂಡಿದ್ದ ಬಾಯಿಯಲ್ಲೇ ದವಡೆ ಹಲ್ಲಿಗೆ ಕೊಟ್ಟು ಅಗಿದು ತಿಂದಳು. ನನಗೂ ಒಂದು ಚೂರು ಕೊಟ್ಟಳು. ನಾನು ಬೇಡವೆಂದದ್ದಕ್ಕೆ ತಲೆಯ ಮೇಲೆ ಮೊಟಕಿದಳು.

ಅವಳು ನನ್ನ ತಾಯಿಯ ಅಕ್ಕ. ನಾನು ಮೂರು ವರ್ಷದವನಿದ್ದಾಗ ತಾಯಿ ಜ್ವರದಲ್ಲಿ ತೀರಿಕೊಂಡಳು, ಅಪ್ಪ ಇನ್ನೊಂದು ಮದುವೆಯಾದ. ಮಕ್ಕಳಿಲ್ಲದ, ಗಂಡನೂ ಇಲ್ಲದ ದೊಡ್ಡಮ್ಮ ಬಂದು ನನ್ನನ್ನು ಕಂಕುಳಿಗೆ ಏರಿಸಿಕೊಂಡು ಹೋದಳಂತೆ. ಹೋಗುವಾಗ ಅಪ್ಪನಿಗೆ, "ಇದು ಉಳಿಯಂಗೆ ಕಾಣಾಕಿಲ್ಲ, ನೋಡಾನ" ಎಂದಳಂತೆ. ಅವಳ ಪ್ರೀತಿಯ ಮಾತುಗಳೆಲ್ಲ ಇದೇ ಜಾತಿಯವು. ಆಡಿನ ಹಾಲು ಕುಡಿಸಿ ಉಳಿಸಿದಳು. ಉಳಿದೆ ಎಂದು ಖಾತರಿಯಾದ ಮೇಲೆ ಬೈಯಲು ಶುರು ಮಾಡಿದಳು.

ನಮ್ಮ ಊರು ಯಲಹಂಕದಿಂದ ಬಡಗಣಕ್ಕೆ, ಒಂದು ಗುಡ್ಡದ ಬುಡದಲ್ಲಿತ್ತು. ಗುಡ್ಡ ಎಂದ ಕೂಡಲೇ ದಟ್ಟ ಕಾಡು, ಝರಿ, ಮಂಜು ಎಂದೆಲ್ಲ ನೆನೆಯಬೇಡಿ. ಬೋಳು ಬಂಡೆ, ಕೆಂಪು ಗರಸು, ನಡುನಡುವೆ ಬಂದರೆ ಎಂಬ ಕುರುಚಲು ಗಿಡ, ತಂಗಡಿ ಗಿಡ, ಕಾರೆ ಮುಳ್ಳು, ಮಳೆ ಬಂದ ವರ್ಷ ಮೊಣಕಾಲುದ್ದ ಕರಡ ಹುಲ್ಲು. ವರ್ಷದಲ್ಲಿ ಎಂಟು ತಿಂಗಳು ಅದರ ಬಣ್ಣ ನಾಯಿಯ ಮೈಬಣ್ಣ. ಹಾಗಿದ್ದರೂ ಆ ಗುಡ್ಡ ದೊಡ್ಡಮ್ಮನ ಎಪ್ಪತ್ತು ಎಂಬತ್ತು ಕುರಿಗಳನ್ನೂ ಅವಳನ್ನೂ ನನ್ನನ್ನೂ ಸಾಕಿತು.

ಸಾಕಿತು ಎಂದರೆ ಸುಮ್ಮನೆ ಸಾಕಲಿಲ್ಲ, ಅವಳು ಸಾಕಿಸಿಕೊಂಡಳು. ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಗೇಟು ತೆಗೆಯುವ ಮೊದಲು ನೆಲದಿಂದ ನಾಲ್ಕು ಹಿಕ್ಕೆ ಆರಿಸಿ, ಬೆರಳಲ್ಲಿ ಪುಡಿ ಮಾಡಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಹುಲ್ಲಿನ ನಾರು ಕಂಡರೆ ಸರಿ. ತೊಗಟೆಯ ಚೂರು ಕಂಡರೆ ಗುಡ್ಡದ ಆ ಮಗ್ಗುಲು ಮುಗಿಯಿತು ಎಂದು ಅರ್ಥ. ಆವತ್ತಿನಿಂದ ಕುರಿ ಅತ್ತ ಹೋಗುವಂತಿಲ್ಲ. ಇನ್ನೊಂದು ಮಗ್ಗುಲು ಹಿಡಿಯಬೇಕು, ಇಲ್ಲವೇ ಕೆಳಗಿಳಿದು ರಾಗಿ ಕುಯ್ದ ಹೊಲಗಳಲ್ಲಿ ಮಂದೆ ನಿಲ್ಲಿಸಿ, ಹೊಲದವರಿಗೆ ಗೊಬ್ಬರ ಕೊಟ್ಟು ಗುಡ್ಡಕ್ಕೆ ಉಸಿರಾಡಲು ಬಿಡಬೇಕು. ಬೇರೆ ಕುರಿಯವರು ಇವಳ ಹಿಕ್ಕೆ ಪರೀಕ್ಷೆ ನೋಡಿ ನಗುತ್ತಿದ್ದರು. ಇವಳು ಅವರ ಕುರಿಗಳ ಪಕ್ಕೆಲುಬು ನೋಡಿ ನಗುತ್ತಿದ್ದಳು.

ಮೇವು ಕಡಿಮೆಯಾದ ವರ್ಷ ಅವಳು ಮಾಡುತ್ತಿದ್ದ ಇನ್ನೊಂದು ಕೆಲಸ ಹೇಳಿದರೆ ನಿಮಗೆ ಅವಳ ಮೇಲೆ ಹೇಸಿಗೆ ಬರಬಹುದು. ಬಡಕಲಾಗಿ ಹುಟ್ಟಿದ ಮರಿಯ ಮೂಗು ಬಾಯಿಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಗಿಸಿಬಿಡುತ್ತಿದ್ದಳು. ನನಗೆ ಏಳು ವರ್ಷವಿದ್ದಾಗ ಹಾಗೆ ಒಂದು ಬಿಳಿ ಮರಿಯನ್ನು ನನ್ನ ಮುಂದೆಯೇ ಮುಗಿಸಿದಳು. ನಾನು ಹೋ ಎಂದು ಅತ್ತೆ. ಅವಳು ಗುದ್ದಲಿಯನ್ನು ನನ್ನ ಕೈಗೇ ಕೊಟ್ಟು ಗುಂಡಿ ತೋಡಿಸಿದಳು.

"ಯಾಕ್ಲಾ ಅಳ್ತೀಯ? ಇದ್ರ ಅವ್ವಂಗೇ ಮೇವಿಲ್ಲ. ಇದು ಉಳುದ್ರೆ ಎಲ್ಡೂ ಸಾಯ್ತವೆ. ಗುಡ್ಡ ಏಟು ಬಾಯಿ ತಡೀತದೋ ಆಟೇ ಇರ್ಬೇಕು ಬಾಯಿ."

ಆಮೇಲೆ ಹತ್ತಾರು ವರ್ಷ ಕಚೇರಿಗಳಲ್ಲಿ ಕೂತು, ಇದೇ ಮಾತನ್ನು ಎಷ್ಟೋ ಪುಟ ಮಾಡಿ ಬರೆದ ವರದಿಗಳನ್ನು ನಾನು ನಕಲು ತೆಗೆದಿದ್ದೇನೆ. ಅವನ್ನು ಬರೆದ ಯಾರೂ ಕೈಯಾರೆ ಒಂದು ಮರಿಯ ಉಸಿರು ಹಿಡಿದವರಲ್ಲ.

ಅವಳನ್ನು ದೇವತೆ ಮಾಡಲು ನಾನು ಕೂತಿಲ್ಲ. ಶಿವರಾತ್ರಿ ಕಳೆದ ಮೇಲೆ ಹೊಸ ಹುಲ್ಲು ಚಿಗುರಲಿ ಎಂದು ಗುಡ್ಡಕ್ಕೆ ಕಡ್ಡಿ ಗೀರುತ್ತಿದ್ದವಳೂ ಅವಳೇ. ಒಂದು ಸಲ ಗಾಳಿ ತಿರುಗಿ, ಅರ್ಧ ಗುಡ್ಡದ ಗಿಡಗಳೆಲ್ಲ ಬೇರುಸಮೇತ ಬೆಂದವು. ಅವಳು ತಲೆ ಕೆರೆದುಕೊಂಡು, "ಗಾಳಿ ಸೂಳೇಮಗಂದು" ಎಂದು ಬೈದು ಸುಮ್ಮನಾದಳು. ಗುಡ್ಡ ಬೋಳಾದದ್ದರಲ್ಲಿ ಅವಳ ಪಾಲೂ ಇತ್ತು. ಆದರೆ ಅವಳ ಪಾಲು ಮಾತ್ರ ಇದ್ದದ್ದಲ್ಲ. ಬೆಂಗಳೂರು ಬೆಳೆಯುತ್ತಿತ್ತು. ಹೆಬ್ಬಾಳ, ಬ್ಯಾಟರಾಯನಪುರದ ಕಡೆ ಇಟ್ಟಿಗೆ ಗೂಡುಗಳೆದ್ದವು. ಅವಕ್ಕೆ ಉರಿಸಲು ನಮ್ಮ ಗುಡ್ಡದ ಬಂದರೆ ಗಿಡಗಳು ಗಾಡಿಗಟ್ಟಲೆ ಇಳಿದುಹೋದವು. ಇದ್ದಿಲು ಸುಡುವವರು ಬಂದರು, ತಂಗಡಿ ಸಿಪ್ಪೆ ಸುಲಿದು ಚರ್ಮ ಹದ ಮಾಡುವಲ್ಲಿಗೆ ಸಾಗಿಸುವವರು ಬಂದರು, ಬಂಡೆ ಸೀಳುವವರು ಬಂದರು. ಎರಡು ವರ್ಷ ಒಂದರ ಹಿಂದೊಂದು ಮುಂಗಾರು ಕೈಕೊಟ್ಟಿತು. ಗರಸು ಮಳೆಗೊಮ್ಮೆ ಕೊಚ್ಚಿಕೊಂಡು ಬಂದು ಕೆರೆಯಲ್ಲಿ ಕೂತಿತು. ಕೊನೆಗೆ ನೋಡಲು ಬಂದವರ ಕಣ್ಣಿಗೆ ಗುಡ್ಡದ ಮೇಲೆ ಓಡಾಡುತ್ತಾ ಕಂಡದ್ದು ಕುರಿ ಮಾತ್ರ.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಓದಿಸಿದವಳು ಅವಳೇ. "ಓದ್ಕಂಡು ಓಗು. ಕುರಿ ಕಾಯಾಕೆ ಬುದ್ಧಿ ಬೇಕು, ನಿನ್ಗದಿಲ್ಲ" ಎಂದು ಹೇಳಿಯೇ ಓದಿಸಿದಳು. ಐವತ್ತರ ದಶಕದ ಕೊನೆಯ ಹೊತ್ತಿಗೆ ಹೆಬ್ಬಾಳದ ಕಡೆ, ಮಣ್ಣು ಉಳಿಸುವ ಕೆಲಸದ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಟೆಂಪರರಿ ಕೆಲಸ ಸಿಕ್ಕಿತು. ಯಲಹಂಕದಲ್ಲಿ ಒಂದು ರೂಮು ಮಾಡಿ, ಇಸ್ತ್ರಿ ಮಾಡಿದ ಷರ್ಟು ಹಾಕಿ, ಬಳ್ಳಾರಿ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಕಚೇರಿಗೆ ಹೋಗುತ್ತಿದ್ದೆ. ಮೈಯಿಂದ ಕುರಿಯ ವಾಸನೆ ಹೋಗಲೆಂದು ದಿನಕ್ಕೆರಡು ಸಲ ಸೋಪು ಹಾಕಿ ಉಜ್ಜುತ್ತಿದ್ದೆ. ಹೋಯಿತೆಂದೇ ತಿಳಿದಿದ್ದೆ.

ನಮ್ಮ ಆಫೀಸರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವನನ್ನು ಹುಡುಕುವವರು ಅವರತ್ತ ನೋಡುತ್ತಾರೆ. ಮೈಸೂರಿನ ಕಡೆಯವರು, ಮಣ್ಣನ್ನು ಮೂಸಿ ನೋಡುವವರು, ಬಿಸಿಲಲ್ಲಿ ನಮ್ಮ ಜೊತೆಗೇ ನಡೆಯುವವರು. ನಮ್ಮೂರ ಗುಡ್ಡ ಅವರ ಕಣ್ಣಿಗೆ ಬಿತ್ತು. ಅವರ ಯೋಚನೆ ಸರಳವಾಗಿತ್ತು: ಗುಡ್ಡದಲ್ಲಿ ಒಂದು ಎಕರೆಗೆ ಬೇಲಿ ಹಾಕುವುದು, ಒಳಗೆ ಒಂದು ಬಾಯಿಯೂ ಹೋಗದಂತೆ ಕಾಯುವುದು, ಎರಡು ಮಳೆಗಾಲ ಕಳೆದ ಮೇಲೆ ಒಳಗೇನಿದೆ ಹೊರಗೇನಿದೆ ಎಂದು ನೋಡುವುದು.

"ನೀನು ಆ ಕಡೆಯವನಲ್ವೇನಯ್ಯ? ಜಾಗ ನೀನೇ ಆರಿಸು. ಮಾಮೂಲಿ ಜಾಗ ಇರ್ಬೇಕು, ಇಡೀ ಗುಡ್ಡ ಹೇಗಿದೆಯೋ ಹಾಗೇ" ಎಂದರು.

ನಾನು ಆರಿಸಿದೆ. ಜೀಪು ಹತ್ತುವಷ್ಟು ಸಪಾಟಾದ ಜಾಗ ಮೂಡಲ ಮಗ್ಗುಲಲ್ಲಿ ಒಂದೇ ಇತ್ತು. ಅದು ನಮ್ಮ ಹಳೇ ರೊಪ್ಪ. ದೊಡ್ಡಮ್ಮನ ಅತ್ತೆಯ ಕಾಲದಿಂದ ಕುರಿಗಳನ್ನು ರಾತ್ರಿ ಕೂಡುತ್ತಿದ್ದ ಜಾಗ. ಚಿರತೆ ಕಾಟಕ್ಕೆ ಅದನ್ನು ಬಿಟ್ಟು ರೊಪ್ಪವನ್ನು ಊರ ಹತ್ತಿರಕ್ಕೆ ತಂದು ಹತ್ತು ವರ್ಷದ ಮೇಲಾಗಿತ್ತು. ಮುಳ್ಳಿನ ಬೇಲಿ ಕೊಳೆತುಹೋಗಿ, ಮೇಲೆ ಗರಸು ಹರಡಿ, ನೋಡಿದವರಿಗೆ ಉಳಿದ ಗುಡ್ಡದಂತೆಯೇ ಕಾಣುತ್ತಿತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕಂದಿನಲ್ಲಿ ಅಲ್ಲೇ ಕುರಿಗಳ ಮಧ್ಯೆ ಮಲಗಿದ್ದೆ. ಆದರೆ ಆವತ್ತು ನನ್ನ ತಲೆಯಲ್ಲಿದ್ದದ್ದು ಜೀಪು, ಆಫೀಸರಿಗೆ ನಡೆಯುವ ಶ್ರಮ ತಪ್ಪಲಿ ಎಂಬ ಒಳ್ಳೆಯ ಹುಡುಗನ ಲೆಕ್ಕಾಚಾರ. ಕುರಿಯವಳ ಮನೆಯಲ್ಲಿ ಬೆಳೆದು, ರೊಪ್ಪದ ಮಣ್ಣೆಂದರೇನು ಎಂದು ಮರೆಯುವಷ್ಟು ಸೋಪು ಹಚ್ಚಿಕೊಂಡಿದ್ದೆ.

ಕಲ್ಲುಕಂಬ ನೆಡುತ್ತಿದ್ದ ದಿನ ದೊಡ್ಡಮ್ಮ ಮಂದೆಯೊಂದಿಗೆ ಅತ್ತ ಬಂದಳು. ಕೋಲಿಗೆ ಗಲ್ಲ ಊರಿ ನೋಡಿದಳು. ನಕ್ಕಳು.

"ಏನ್ಲಾ ಇದು, ನಮ್ ಅಳೇ ರೊಪ್ಪಕ್ಕೆ ಬೇಲಿ ಆಕ್ತಿದ್ದೀರ? ಮೊಳದುದ್ದ ಗೊಬ್ಬರ ಐತಲ್ಲೋ ಅದ್ರಾಗೆ! ಅಲ್ಲಿ ಕಲ್ಲು ಬಿತ್ತುದ್ರೂ ಬೆಳೀತದೆ. ನಿಮ್ ಸಾಮಿಗೋಳ್ಗೆ ಯೋಳು, ಗುಡ್ಡ ನೋಡ್ಬೇಕು ಅಂದ್ರೆ ಆ ಕಡೀಕ್ ಆಕ್ಲಿ ಬೇಲಿಯ."

ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಜೀಪಿನ ಹತ್ತಿರ ನಕ್ಷೆ ಹರಡಿಕೊಂಡಿದ್ದ ಆಫೀಸರು ತಲೆಯೆತ್ತಿ, "ಯಾರಯ್ಯ ಅದು? ಏನಂತಾರೆ?" ಎಂದು ಕೇಳಿದರು. ಕಂಬಗಳು ಅರ್ಧ ನೆಟ್ಟಾಗಿತ್ತು. ಜಾಗ ಆರಿಸಿದವನು ನಾನು. ಅವಳ ಹರಕು ಕಂಬಳಿ, ಹಲ್ಲಿಲ್ಲದ ಬಾಯಿ, ಸುತ್ತ ಕುರಿಯ ವಾಸನೆ.

"ಊರಿನೋರು ಯಾರೋ ಸಾರ್. ಕುರಿಗೆ ದಾರಿ ಬಿಡಿ ಅಂತ ಕೇಳ್ತಿದ್ದಾರೆ" ಎಂದೆ.

ದೊಡ್ಡಮ್ಮನಿಗೆ ಕೇಳಿಸಿತು. ಅವಳ ಕಿವಿ ಚುರುಕು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು; ಯಾವ ಮರಿ ಉಳಿಯುತ್ತದೆ ಯಾವುದಿಲ್ಲ ಎಂದು ನೋಡುವಾಗ ಹಾಗೆ ನೋಡುತ್ತಿದ್ದಳು. ಆಮೇಲೆ ಕುರಿಗಳಿಗೆ ನಾಲಿಗೆ ಲೊಟಗುಟ್ಟಿಸಿ ಹೊರಟುಹೋದಳು.

ಆ ವರ್ಷ ಮುಂಗಾರು ಬೇಗ ಬಂತು, ಚೆನ್ನಾಗಿಯೂ ಬಂತು. ಬೇಲಿಯ ಒಳಗೆ ಹುಲ್ಲು ಸೊಂಟದುದ್ದ ಎದ್ದಿತು. ಹೊರಗೆ ಅದೇ ಗರಸು, ಅದೇ ಬಂಡೆ. ಮೇಲಿನ ಅಧಿಕಾರಿಗಳು ಕಾರಿನಲ್ಲಿ ಬಂದು ನೋಡಿದರು, ಫೋಟೋ ತೆಗೆಸಿದರು. ನಮ್ಮ ಆಫೀಸರು ಹುಲ್ಲಿನ ನಡುವೆ ನಿಂತು ಮಗುವಿನ ಹಾಗೆ ನಗುತ್ತಿದ್ದರು. "ನೋಡಿದ್ಯೇನಯ್ಯ? ಕುರಿಯ ಬಾಯಿ ದೂರ ಇಟ್ರೆ ಸಾಕು, ಗುಡ್ಡ ತಾನೇ ಗುಣ ಆಗತ್ತೆ" ಎಂದರು. ಎರಡನೆಯ ಮಳೆಗಾಲವೂ ಹಾಗೇ ಆಯಿತು. ವರದಿ ತಯಾರಾಯಿತು. ನನ್ನ ಅಕ್ಷರ ಚೆನ್ನಾಗಿತ್ತಾದ್ದರಿಂದ ಶುದ್ಧ ಪ್ರತಿ ಬರೆಯುವ ಕೆಲಸ ನನಗೇ ಬಂತು. ಅದರಲ್ಲಿ ಜಾಗದ ವಿವರ ತುಂಬುವ ಒಂದು ಹಾಳೆಯಿತ್ತು. ಈ ಜಾಗ ಹಿಂದೆ ಏನಾಗಿತ್ತು ಎಂದು ಒಂದು ಕಡೆ ಕೇಳಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಆಮೇಲೆ 'ಪಾಳು' ಎಂದು ಬರೆದೆ. ಎರಡೇ ಅಕ್ಷರ, ಬಹಳ ದುಂಡಗೆ.

ಆ ವರದಿ ನಂಬಿ ಗುಡ್ಡವನ್ನು ಮುಚ್ಚಿದರು. ಕುರಿ ಹತ್ತಬಾರದು, ಹತ್ತಿದರೆ ದೊಡ್ಡಿಗೆ ಅಟ್ಟುತ್ತೇವೆ ಎಂದು ಊರಲ್ಲಿ ತಮಟೆ ಹೊಡೆಸಿದರು. ಒಬ್ಬ ಕಾವಲುಗಾರನನ್ನು ಹಾಕಿದರು. ದೊಡ್ಡಮ್ಮ ರಸ್ತೆಯ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ, ರೈಲು ಹಳಿಯ ಪಕ್ಕ ಮಂದೆ ತಿರುಗಿಸಿದಳು. ಹೊಲದವರು ಗೊಬ್ಬರದ ಕಾಲದಲ್ಲಿ ಕರೆಯುತ್ತಿದ್ದವರು, ಬೆಳೆಯ ಕಾಲದಲ್ಲಿ ಕಲ್ಲು ಬೀರಿದರು. ಹಿಕ್ಕೆಯನ್ನು ಪುಡಿ ಮಾಡಿ ನೋಡುವುದನ್ನು ಅವಳು ನಿಲ್ಲಿಸಿದಳು ಎಂದು ಪಕ್ಕದ ಮನೆಯವರು ಹೇಳಿದರು.

ಒಂದು ಮಧ್ಯಾಹ್ನ ಅವಳು ಹೆಬ್ಬಾಳದವರೆಗೆ ನಡೆದುಕೊಂಡು ಕಚೇರಿಗೆ ಬಂದಳು. ನಾನು ಯಾರೂ ನೋಡುವ ಮೊದಲು ಓಡಿಹೋಗಿ, ಅವಳನ್ನು ಕಾಂಪೌಂಡಿನ ಆಚೆ ಹುಣಸೆಮರದಡಿಗೆ ಕರೆದುಕೊಂಡು ಹೋದೆ. ಅವಳು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ಒಂದ್ ಮಾತು ಬರ್ದಾಕು. ಅದು ರೊಪ್ಪ ಅಂತ. ನಿಮ್ ಸಾಮಿ ಒಳ್ಳೇ ಮನ್ಸ ಅಂತಾರೆ, ಕೇಳ್ತಾನೆ."

"ಬರೀತೀನಿ ದೊಡ್ಡಮ್ಮ. ನನ್ ಕೆಲಸ ಪರ್ಮನೆಂಟ್ ಆಗೋದೈತೆ. ಈಗ ಹೇಳಿದ್ರೆ ಎಲ್ಲಾ ಕೆಡ್ತದೆ. ಮುಂದಿನ ತಿಂಗ್ಳು ಹೇಳ್ತೀನಿ."

"ಮುಂದಿನ್ ತಿಂಗ್ಳು ಅಂದ್ರೆ ನಂಗೆ ತಿಳೀತದೆ ಕಣ್ಲಾ. ಕುರೀಗೆ ತಿಳಿಯಾಕಿಲ್ಲ" ಎಂದಳು.

ನೀರು ಕುಡಿಯುತ್ತೀಯಾ ಎಂದೆ. ಬೇಡವೆಂದು ತಲೆಯಾಡಿಸಿ ಹೊರಟಳು. ಮುಂದಿನ ತಿಂಗಳೂ ನಾನು ಹೇಳಲಿಲ್ಲ, ಅದರ ಮುಂದಿನ ತಿಂಗಳೂ ಹೇಳಲಿಲ್ಲ. ಆರ್ಡರು ಬರುವುದು ತಡವಾಯಿತು.

ಅಷ್ಟರಲ್ಲಿ ಅವಳು ಮಂದೆಯನ್ನು ಮಾರಿದಳು. ಕುರಿ ಕೊಳ್ಳುವ ಭಾಯಿ ಹಳೆಯ ಪರಿಚಯದವರು, ಈಗ ಆರ್.ಟಿ. ನಗರ ಎನ್ನುವ ಕಡೆಯಿಂದ ಬರುತ್ತಿದ್ದವರು. ಅವರಿಗೇ ಮನಸ್ಸು ಕಲಕಿತಂತೆ. "ಪೂರಾ ಬ್ಯಾಡಮ್ಮಾ, ಒಂದ್ ನಾಲ್ಕು ಇಟ್ಕೋ, ದಿಲ್‌ಗೆ ಸಮಾಧಾನ" ಎಂದರಂತೆ. "ನಾಕ್ ಇಟ್ಕಂಡು ಎಲ್ಲಿ ಮೇಯ್ಸ್ಲಿ ಸಾಬ್ರೇ, ನನ್ ನೆತ್ತಿ ಮ್ಯಾಲಾ?" ಎಂದಳಂತೆ ಇವಳು. ಆದರೆ ಕುರಿಗಳು ಭಾಯಿಯ ಆಳುಗಳ ಹಿಂದೆ ಹೋಗಲೊಪ್ಪಲಿಲ್ಲ. ಹೊಡೆದರೆ ಚದುರಿ ಮತ್ತೆ ಮನೆಯ ಬಾಗಿಲಿಗೇ ಬಂದು ನಿಂತವು. ಕೊನೆಗೆ ದೊಡ್ಡಮ್ಮನೇ ಕೋಲು ಹಿಡಿದು ಮುಂದೆ ನಡೆದಳು. ಅವಳ ದನಿಯ ಹಿಂದೆ ಅಷ್ಟೂ ಕುರಿ ಬಳ್ಳಾರಿ ರಸ್ತೆ ಹಿಡಿದವು. ಕಡಿಯುವವರ ಅಂಗಳದವರೆಗೂ ತಾನೇ ಕರೆದುಕೊಂಡು ಹೋದಳು.

ಆ ರಸ್ತೆ ನಮ್ಮ ಕಚೇರಿಯ ಮುಂದೆಯೇ ಹಾದುಹೋಗುತ್ತದೆ. ದೂರದಿಂದ ಅವಳ ಕೂಗು ಕೇಳಿಸಿತು, "ಬ್ರ್ರೋ... ಬಾ... ಬಾ..." ಎಂದು ಕರೆಯುವ ಅದೇ ದನಿ. ಕಿಟಕಿಯಿಂದ ನೋಡಿದೆ. ಅವಳು ಅತ್ತ ಇತ್ತ ನೋಡದೆ ನಡೆಯುತ್ತಿದ್ದಳು. ಒಂದು ಕುಂಟು ಮರಿ ಹಿಂದೆ ಬಿದ್ದಾಗ ನಿಂತು, ಅದು ಬರುವವರೆಗೆ ಕಾದು, ಮತ್ತೆ ನಡೆದಳು. ಪಕ್ಕದ ಮೇಜಿನವರು, "ಏನ್ರೀ ಅದು ಗಲಾಟೆ?" ಎಂದರು. "ಕುರಿ" ಎಂದೆ. ನಾನು ಹೊರಗೆ ಹೋಗಲಿಲ್ಲ. ಇಂದಿಗೂ ನನಗೆ ನನ್ನ ಮೇಲೆ ಉಗುಳಬೇಕೆನ್ನಿಸುವುದು ಆ ಕಿಟಕಿಯನ್ನು ನೆನೆದಾಗ.

ಆರ್ಡರು ಬಂದ ಮೇಲೆ ಆಫೀಸರಿಗೆ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ, ಇನ್ನು ಕಳೆದುಕೊಳ್ಳುವುದು ಏನೂ ಇಲ್ಲವೆಂದು ಗೊತ್ತಾಗಿ ಹೇಳಿದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನಗೆ ಮೊದಲಿಂದ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ನಾನು ಮಣ್ಣಿನ ಬಗ್ಗೆ ಓದಿದೋನು. ನೀನು ಆ ಮಣ್ಣಲ್ಲೇ ಮಲಗಿದ್ದೋನು. ಕ್ಷಮೆ ಗಿಮೆ ನನ್ನನ್ನ ಕೇಳಬೇಡ, ಹೋಗು."

ಅವರು ಅಂದೇ ಕೂತು, ತಮ್ಮ ವರದಿ ತಪ್ಪು ಎಂದು ತಾವೇ ಮೇಲಕ್ಕೆ ಬರೆದರು. ಅಂಥ ಪತ್ರ ಬರೆದ ಇನ್ನೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ. ಅದಕ್ಕೆ ಉತ್ತರವೂ ಬಂತು. ಗುಡ್ಡ ಮುಚ್ಚಿ ಒಂದು ಮಳೆಗಾಲ ಕಳೆದರೂ ಬೇಲಿಯಾಚೆ ಹುಲ್ಲು ಬಾರದಿರುವುದನ್ನು ಗಮನಿಸಲಾಗಿದೆ. ಆದ್ದರಿಂದ ಅಲ್ಲಿ ನೀಲಗಿರಿ ನೆಡಲು ತೀರ್ಮಾನವಾಗಿ ಸಸಿಗಳೂ ಸಿದ್ಧವಾಗಿವೆ ಎಂದು ಬರೆದಿದ್ದರು. ನಮ್ಮ ತಪ್ಪೇ ಅವರಿಗೆ ಹೊಸ ಕಾರಣವಾಯಿತು. ಆಫೀಸರಿಗೆ ವರ್ಗವಾಯಿತು. ಹೋಗುವ ದಿನ ಎಲ್ಲರ ಕೈ ಕುಲುಕಿದರು, ನನ್ನದೊಂದು ಬಿಟ್ಟು.

ಗುಂಡಿ ತೋಡಿಸುವ ಉಸ್ತುವಾರಿ ಹೊಸದಾಗಿ ಪರ್ಮನೆಂಟ್ ಆದ ನನಗೆ ಬಂತು. ಅಳಿದುಳಿದ ಬಂದರೆ ಗಿಡಗಳನ್ನೂ ಕಾರೆ ಮುಳ್ಳನ್ನೂ ಬೇರುಸಮೇತ ಕಿತ್ತು, ಸಾಲುಸಾಲಾಗಿ ಗುಂಡಿ ತೋಡಬೇಕು. ಮೊದಲ ದಿನ ಬೆಳಿಗ್ಗೆ ಕೂಲಿಯವರು ಗುಡ್ಡದ ಬುಡದಲ್ಲಿ ಸಾಲಾಗಿ ನಿಂತರು. ನಾನು ಮಸ್ಟರ್ ರೋಲ್ ಬಿಚ್ಚಿ ಹೆಸರು ಕೂಗುತ್ತಾ ಬಂದೆ. ಮೇಸ್ತ್ರಿ ಬರೆದುಕೊಂಡಿದ್ದ ಪಟ್ಟಿ ಅದು, ನಾನು ಮೊದಲೇ ನೋಡಿರಲಿಲ್ಲ. ನಡುವೆ ದೊಡ್ಡಮ್ಮನ ಹೆಸರಿತ್ತು. ಅದರ ಮೇಲೆ ಬೆರಳಿಟ್ಟುಕೊಂಡು ನಿಂತೆ. ಮೇಸ್ತ್ರಿ ಕತ್ತು ಚಾಚಿ ನೋಡಿ, ನನಗೆ ಅಕ್ಷರ ತಿಳಿಯಲಿಲ್ಲವೆಂದುಕೊಂಡು, ತಾನೇ ಕೂಗಿದ.

"ಬಂದಿವ್ನಿ ಸಾಮಿ" ಎಂದಳು ಅವಳು. ಹೇಳಿದ್ದು ಮೇಸ್ತ್ರಿಗಲ್ಲ, ನನ್ನನ್ನು ನೋಡಿ.

ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ಹತ್ತಿರ ಹೋದೆ. ಇದೆಲ್ಲ ಬೇಡ, ನನ್ನ ರೂಮಿಗೆ ಬಾ, ನಾನು ನೋಡಿಕೊಳ್ಳುತ್ತೇನೆ ಎಂದೆ. ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡು ಎದ್ದು ನಿಂತಳು. "ನಿಮ್ಗ್ಯಾಕೆ ತೊಂದ್ರೆ ಸಾಮಿ" ಎಂದಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೇರೆ ಕೂಲಿಯವರು ಮಾತಾಡುವ ಹಾಗೆಯೇ ಮಾತಾಡಿದಳು. ಆ ಬಡಕಲು ಬಿಳಿ ಮರಿಯನ್ನು ಹಿಡಿದಾಗಲೂ ಅವಳ ಮುಖ ಹೀಗೇ ಇತ್ತು.

ಎಲ್ಲರಿಗಿಂತ ಅಚ್ಚುಕಟ್ಟಾದ ಗುಂಡಿ ಅವಳದು. ಎರಡು ವರ್ಷ ಆ ಕೆಲಸ ನಡೆಯಿತು. ಎರಡು ವರ್ಷವೂ ನಾನು ಸಾಮಿ. ನೀಲಗಿರಿ ಸರಸರನೆ ಎದ್ದಿತು. ಅದರ ಬುಡದಲ್ಲಿ ಒಂದು ಗರಿಕೆಯೂ ಏಳಲಿಲ್ಲ, ಒಂದು ಹಕ್ಕಿಯೂ ಕೂರಲಿಲ್ಲ. ದೂರದಿಂದ ನೋಡಿದವರು ಗುಡ್ಡ ಹಸಿರಾಯಿತು ಎಂದರು. ನಮ್ಮ ಕಚೇರಿಯ ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಹಚ್ಚಿದವನೂ ನಾನೇ.

ಇವತ್ತು ಯಾರಾದರೂ ನನ್ನನ್ನು, ನೆಲವನ್ನು ನೋಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ ಕಚೇರಿಯ ಹೆಸರು ಹೇಳುವುದಿಲ್ಲ. ಮುಂದಿನ ನೌಕರಿಯುದ್ದಕ್ಕೂ ಎಲ್ಲಿ ಬೇಲಿ ಹಾಕಲು ಹೋದರೂ ಮೊದಲು ಅಲ್ಲಿಯ ಕುರಿಯವರನ್ನು ಹುಡುಕಿ, ಇದು ಹಿಂದೆ ಏನಾಗಿತ್ತು ಎಂದು ಕೇಳಿದ್ದೇನೆ. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ಮೇಲಿನವರು ಗದರಿದರೂ. ಇದು ಅವಳಿಂದ ಬಂದ ವಿದ್ಯೆ. ಇದನ್ನು ಅವಳಿಗೆ ಹೇಳುವ ಅವಕಾಶವನ್ನು ಅವಳು ನನಗೆ ಕೊಡಲಿಲ್ಲ. ಕೊಡದೆ ಇದ್ದದ್ದು ಸರಿಯೇ, ಆದರೂ ಹೊಟ್ಟೆಯುರಿಯುತ್ತದೆ.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳಿಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂತು. ಕಚೇರಿಯಿಂದ ಹಾಗೇ ಸೈಕಲ್ ತುಳಿದುಕೊಂಡು ಹೋದೆ. ಗುಡಿಸಲಿನ ಒಳಗೆ ಅವಳು ಕಂಬಳಿಯ ಮೇಲೆ ಮಲಗಿದ್ದಳು. ಮೈಯಲ್ಲಿ ಮಾಂಸವೇ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ಗಂಜಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದಳು. ನನ್ನ ನೆರಳು ಬಾಗಿಲಲ್ಲಿ ಬಿದ್ದಾಗ ದೊಡ್ಡಮ್ಮ ಕಣ್ಣು ತೆರೆದಳು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಬುದ್ಧಿಯೂ ನೆಟ್ಟಗಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ಊರವರು ನನ್ನ ಸಮಾಧಾನಕ್ಕೆ, ಪಾಪ, ಅವಳಿಗೆ ಗುರುತು ಸಿಕ್ಕಿರಲಿಲ್ಲ ಎಂದರು.

"ನಾನು, ದೊಡ್ಡಮ್ಮ" ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಮುಖವನ್ನು ಆ ಹೆಂಗಸಿನ ಕಡೆಗೆ ತಿರುಗಿಸಿದಳು.

"ಆಪೀಸ್ನೋರು ಬಂದವ್ರೆ. ಚಾಪೆ ಆಕು."

ಆ ಹೆಂಗಸು ತಡಬಡಿಸಿ ಮೂಲೆಯಲ್ಲಿದ್ದ ಚಾಪೆ ತಂದು ಹಾಸಿದಳು. ದೊಡ್ಡಮ್ಮ ಗೋಡೆಯ ಕಡೆ ಹೊರಳಿದಳು. ಮತ್ತೆ ಇತ್ತ ತಿರುಗಲೇ ಇಲ್ಲ, ಅವಳ ಉಸಿರು ನಿಲ್ಲುವವರೆಗೂ ನಾನು ಆ ಚಾಪೆಯ ಮೇಲೆ ಕೂತಿದ್ದೆ.